ಮರಳಿ ಬಂದ ಆಟಗಾರನ ಅಂಕದ ಪಕ್ಕ ನಿಮಿಷವನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಬ್ಯಾಸ್ಕೆಟ್‌ಬಾಲ್‌ನ ಹಳೆಯ ತಾರೆಯೊಬ್ಬ ಮೂವತ್ತೇಳು ಮೂವತ್ತೆಂಟರಲ್ಲಿ ಮತ್ತೆ ಅಂಗಳಕ್ಕಿಳಿದಾಗಲೆಲ್ಲ ಕ್ರೀಡಾಪುಟಗಳಲ್ಲಿ ಕಾಣುವುದು ಎರಡೇ ಬಗೆಯ ಶೀರ್ಷಿಕೆ. ಮೊದಲ ವಾರ ‘ಹಳೆ ಹುಲಿಯ ಘರ್ಜನೆ’. ನಾಲ್ಕನೇ ವಾರ ‘ಹುಲಿಗೆ ವಯಸ್ಸಾಯಿತು’. ಎರಡಕ್ಕೂ ಆಧಾರ ಆ ರಾತ್ರಿ ಗಳಿಸಿದ ಅಂಕ ಮಾತ್ರ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎಂಬಂಥ ಈ ಬರವಣಿಗೆಯ ಬಗ್ಗೆ ತರಬೇತಿ ಮತ್ತು ಫಿಸಿಯೊಥೆರಪಿಯ ಕಡೆಯಿಂದ ಆಟ ನೋಡುವವರ ತಕರಾರು ಒಂದೇ. ವಯಸ್ಸಾದ ಆಟಗಾರ ನಿಜವಾಗಿ ಮರಳಿದ್ದಾನೋ ಇಲ್ಲವೋ ಎಂಬುದನ್ನು ಅಂಕ ಹೇಳುವುದಿಲ್ಲ. ಎಷ್ಟು ನಿಮಿಷ ಆಡಿದ, ಯಾವ ಹೊತ್ತಿನಲ್ಲಿ ಆಡಿದ, ಯಾರನ್ನು ತಡೆದ, ಮಾರನೆಯ ಬೆಳಿಗ್ಗೆ ಮಂಡಿ ಹೇಗಿತ್ತು ಎಂಬುದು ಹೇಳುತ್ತದೆ. ಮೊದಲ ಮೂರಾದರೂ ವರದಿಗಾರರ ಕೈಗೆ ಸಿಗುವ ಸಂಗತಿಗಳೇ.

ಮೈಕೆಲ್ ಜೋರ್ಡಾನ್ ಉದಾಹರಣೆ ಎಲ್ಲರಿಗೂ ಗೊತ್ತಿದ್ದದ್ದೇ. ಅಲ್ಲಿಂದಲೇ ಶುರು ಮಾಡುವುದು ಸುಲಭ. ಮೂರು ವರ್ಷ ಆಟ ಬಿಟ್ಟಿದ್ದ ಅವರು 2001ರ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್ ವಿಝರ್ಡ್ಸ್ ಪರ ಆಡುವುದಾಗಿ ಪ್ರಕಟಿಸಿದಾಗ ವಯಸ್ಸು 38. ಡಿಸೆಂಬರ್ 27ರಂದು ಇಂಡಿಯಾನಾ ವಿರುದ್ಧ 6 ಅಂಕ ಗಳಿಸಿದರು. ಸತತ 866 ಪಂದ್ಯಗಳಲ್ಲಿ ಎರಡಂಕಿ ಮುಟ್ಟಿದ್ದ ಸರಪಳಿ ಅಲ್ಲಿಗೆ ತುಂಡಾಯಿತು. ಎರಡು ದಿನ ಬಿಟ್ಟು ಶಾರ್ಲಟ್ ಹಾರ್ನೆಟ್ಸ್ ವಿರುದ್ಧ 51, ಅದಾಗಿ ಎರಡು ದಿನಕ್ಕೆ ನ್ಯೂಜೆರ್ಸಿ ನೆಟ್ಸ್ ವಿರುದ್ಧ 45. ಅಂಕವನ್ನೇ ನಂಬಿದವರು ಐದು ದಿನದೊಳಗೆ ಅವರನ್ನು ಮುಗಿಸಿಯೂ ಬಿಟ್ಟರು, ಮತ್ತೆ ಸಿಂಹಾಸನಕ್ಕೂ ಏರಿಸಿದರು. ಮಂಡಿ ಮಾತ್ರ ಮೂರೂ ಪಂದ್ಯದಲ್ಲಿ ಅದೇ ಮಂಡಿ. 2002ರ ಫೆಬ್ರುವರಿ 27ರಂದು ಬಲಮಂಡಿಯ ಹರಿದ ಮೃದ್ವಸ್ಥಿಗೆ ಶಸ್ತ್ರಚಿಕಿತ್ಸೆ ಆಯಿತು. ಮಾರ್ಚ್‌ನಲ್ಲೇ ಮತ್ತೆ ಅಂಗಳ ಹೊಕ್ಕರು. ಏಪ್ರಿಲ್ ಮೊದಲ ವಾರದಲ್ಲಿ ಆ ಋತುವನ್ನೇ ಕೈಬಿಡಬೇಕಾಯಿತು. 82 ಪಂದ್ಯಗಳಲ್ಲಿ ಆಡಿದ್ದು 60. ಸರಾಸರಿ 22.9 ಅಂಕ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಗುರಿ ಮುಟ್ಟಿದ ಎಸೆತಗಳು ಶೇ 41.6 ಮಾತ್ರ.

ಇದರ ಬೇರು 2001ರ ಬೇಸಿಗೆಯಲ್ಲಿದೆ. ತಯಾರಿಗಾಗಿ ಆಡುತ್ತಿದ್ದ ಖಾಸಗಿ ಪಂದ್ಯವೊಂದರಲ್ಲಿ ಡಿಕ್ಕಿಯಾಗಿ ಪಕ್ಕೆಲುಬು ಮುರಿಯಿತು. ತಾಲೀಮು ವಾರಗಟ್ಟಲೆ ನಿಂತಿತು. ಪಕ್ಕೆಲುಬು ಕೂಡಿಕೊಂಡಿತು. ಕೂಡಿಕೊಳ್ಳದೆ ಉಳಿದದ್ದು ಕಾಲುಗಳು ಕಳೆದುಕೊಂಡ ಆ ವಾರಗಳು. ಋತುವಿನ ಆರಂಭಕ್ಕೆ ಮೊದಲೇ ಮಂಡಿಯ ಸ್ನಾಯುರಜ್ಜುಗಳು ಉರಿಯತೊಡಗಿದ್ದವು.

ಏಕೆಂದರೆ ಶರೀರದಲ್ಲಿ ಎಲ್ಲವೂ ಒಂದೇ ವೇಗದಲ್ಲಿ ಮರಳುವುದಿಲ್ಲ. ಆಟ ಬಿಟ್ಟವನು ಮತ್ತೆ ಓಡಲು ಶುರು ಮಾಡಿದರೆ ಉಸಿರು ಆರೇಳು ವಾರಕ್ಕೆ ಹಿಡಿತಕ್ಕೆ ಬರುತ್ತದೆ. ತೊಡೆ, ಮೀನಖಂಡದ ಬಲಕ್ಕೆ ಮೂರು ತಿಂಗಳು ಬೇಕು. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು, ಹಿಮ್ಮಡಿಯ ಅಕಿಲಿಸ್ ರಜ್ಜು, ಇವುಗಳಿಗೆ ರಕ್ತದ ಪೂರೈಕೆ ಕಡಿಮೆ. ಭಾರಕ್ಕೆ ಹೊಂದಿಕೊಳ್ಳಲು ಆರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು. ಹೀಗಾಗಿ ಎರಡನೇ ತಿಂಗಳಲ್ಲಿ ಆಟಗಾರನಿಗೆ ‘ಹಳೆಯ ಮೈ ಬಂತು’ ಅನ್ನಿಸುತ್ತದೆ. ಉಸಿರು ಕಟ್ಟುವುದಿಲ್ಲ, ತೊಡೆ ನಡುಗುವುದಿಲ್ಲ, ಇನ್ನಷ್ಟು ಓಡೋಣ, ಇನ್ನಷ್ಟು ಜಿಗಿಯೋಣ ಅನ್ನುವ ಹುರುಪು. ಮರಳುವಿಕೆ ಮುರಿದು ಬೀಳುವುದು ಬಹುಮಟ್ಟಿಗೆ ಈ ಹುರುಪಿನ ವಾರಗಳಲ್ಲೇ. ಎಂಜಿನ್ ಹೊಸದು, ಬೆಲ್ಟ್ ಹಳೆಯದು.

ಆದ್ದರಿಂದ ಮೂವತ್ತೈದು ದಾಟಿದವನ ತಯಾರಿಗೆ ಕಡಿಮೆಯೆಂದರೂ ಐದಾರು ತಿಂಗಳು ಇಡಬೇಕು. ಮೊದಲ ಹನ್ನೆರಡು ವಾರ ಚೆಂಡಿಗಿಂತ ಹೆಚ್ಚು ಕಬ್ಬಿಣದ ಜೊತೆ. ಸ್ಕ್ವಾಟ್, ಲೆಗ್ ಪ್ರೆಸ್, ಮೀನಖಂಡ ಎತ್ತುವ ವ್ಯಾಯಾಮ; ವಾರಕ್ಕೆ ಮೂರು ದಿನ, ಒಂದೊಂದೂ ನಾಲ್ಕು ಸೆಟ್. ಮೇಲೇರಲು ಮೂರು ಸೆಕೆಂಡ್, ಇಳಿಯಲು ಮೂರು ಸೆಕೆಂಡ್. ಮೊದಲ ವಾರ ಹದಿನೈದು ಬಾರಿ ಎತ್ತಲು ಆಗುವಷ್ಟು ಭಾರ. ಭಾರ ಏರಿಸುತ್ತ, ಎಣಿಕೆ ಇಳಿಸುತ್ತ ಹೋಗಿ ಹನ್ನೆರಡನೇ ವಾರಕ್ಕೆ ಆರು ಬಾರಿ ಎತ್ತುವಷ್ಟರಲ್ಲಿ ಸಾಕುಸಾಕಾಗುವ ಭಾರ. ನಿಧಾನವೇ ಇಲ್ಲಿ ಮದ್ದು. ಜೋರಾಗಿ ಚಿಮ್ಮಿಸಿದರೆ ಕೆಲಸವೆಲ್ಲ ಸ್ನಾಯುವಿನ ಪಾಲಾಗಿ, ರಜ್ಜುವಿಗೆ ಬೇಕಾದ ಎಳೆತ ಸಾಕಷ್ಟು ಹೊತ್ತು ನಿಲ್ಲುವುದಿಲ್ಲ. ಮೀನಖಂಡವನ್ನು ಎರಡು ಭಂಗಿಯಲ್ಲಿ ದುಡಿಸಬೇಕು: ಮಂಡಿ ನೆಟ್ಟಗಿಟ್ಟು ಒಂದು, ಮಂಡಿ ಮಡಚಿ ಕುಳಿತು ಒಂದು. ಕುಳಿತು ಮಾಡುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಓಡುವಾಗ ದೇಹತೂಕದ ಹಲವು ಪಟ್ಟು ಭಾರ ಹೊರುವುದು ಒಳಪದರದ ಸೋಲಿಯಸ್ ಸ್ನಾಯು. ಮಂಡಿ ಮಡಚಿದರೆ ಮಾತ್ರ ಅದರ ಮೇಲೆ ಪೂರ್ತಿ ಹೊರೆ ಬೀಳುತ್ತದೆ. ವಯಸ್ಸಾದವನ ಓಟ ಮೊದಲು ಸೋರಿಹೋಗುವುದು ಅಲ್ಲಿಂದಲೇ.

ಜಿಗಿತ ಶುರುವಾದ ಮೇಲೆ ಎಣಿಸಬೇಕಾದದ್ದು ನೆಲಕ್ಕಿಳಿದ ಸಂಖ್ಯೆ. ಎಷ್ಟು ಎತ್ತರ ಜಿಗಿದ ಎಂಬುದು ಮಂಡಿಗೆ ಬೇಕಿಲ್ಲ. ಎಷ್ಟು ಸಲ ಇಳಿದ ಎಂಬುದು ಬೇಕು. ಮೊದಲು ಎರಡೂ ಕಾಲಿನ ಮೇಲೆ ಒಂದು ಅವಧಿಗೆ 40ರಿಂದ 60 ಇಳಿತ, ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ 48 ಗಂಟೆ ಬಿಡುವು. ರಜ್ಜು ಭಾರ ಹೊತ್ತ ಮೊದಲ ಒಂದು, ಒಂದೂವರೆ ದಿನ, ಅದರ ಎಳೆಗಳಾದ ಕೊಲಾಜನ್ ಕಟ್ಟುವುದಕ್ಕಿಂತ ಒಡೆಯುವುದೇ ಹೆಚ್ಚು. ಆ ಹೊತ್ತಿನಲ್ಲಿ ಮತ್ತೊಮ್ಮೆ ಜಿಗಿಸಿದರೆ ಸಾಲದ ಮೇಲೆ ಸಾಲ. ಒಂಟಿಕಾಲಿನ ಇಳಿತ ಆಮೇಲೆ. ಅದಕ್ಕೂ ಆಮೇಲೆ, ಎಲ್ಲಕ್ಕಿಂತ ಕಷ್ಟದ್ದು: ಬ್ರೇಕ್. ಜೋರಾಗಿ ಓಡಿ ಎರಡು ಹೆಜ್ಜೆಯಲ್ಲಿ ನಿಲ್ಲುವುದು. ಎದುರಾಳಿ ಎಸೆಯಲು ಸಿದ್ಧನಾದಾಗ ಅವನತ್ತ ಧಾವಿಸಿ ಕೈ ಎತ್ತಿ ಗಕ್ಕನೆ ನಿಲ್ಲುವ ಕ್ಲೋಸ್‌ಔಟ್ ಪಂದ್ಯದುದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ಮಂಡಿಚಿಪ್ಪಿನ ರಜ್ಜು ಜಿಗಿತದಲ್ಲಿ ಮಾತ್ರವಲ್ಲ, ಇದರಲ್ಲೂ ಸವೆಯುತ್ತದೆ. ಇದನ್ನು ತಯಾರಿಯಲ್ಲಿ ಸೇರಿಸದೆ ಬರೀ ನೇರ ಓಟ, ಎಸೆತ ಮಾಡಿಸಿ ‘ಫಿಟ್’ ಎಂದು ಷರಾ ಬರೆದರೆ ಮೊದಲ ನಿಜವಾದ ಪಂದ್ಯದಲ್ಲೇ ಬಣ್ಣ ಬಯಲಾಗುತ್ತದೆ.

ಮಂಡಿ ಒಪ್ಪಿಕೊಂಡಿತೋ ಇಲ್ಲವೋ ಎಂದು ತಿಳಿಯಲು ಯಂತ್ರ ಬೇಡ. 25 ಡಿಗ್ರಿ ಇಳಿಜಾರಿನ ಮರದ ಹಲಗೆ ಸಾಕು. ಬೆಳಿಗ್ಗೆ ಎದ್ದು, ಬಿಸಿನೀರಿಗೂ ಮಾತ್ರೆಗೂ ಮುಂಚೆ, ಹಿಮ್ಮಡಿ ಮೇಲಕ್ಕೂ ಬೆರಳು ಕೆಳಕ್ಕೂ ಬರುವಂತೆ ಆ ಹಲಗೆಯ ಮೇಲೆ ಒಂಟಿಕಾಲಿನಲ್ಲಿ ನಿಂತು ನಿಧಾನವಾಗಿ ಐದು ಸಲ ಕುಕ್ಕರಿಸಿ ಏಳಬೇಕು. ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಕೊಟ್ಟು ಪುಸ್ತಕದಲ್ಲಿ ಬರೆದಿಡಬೇಕು. ವ್ಯಾಯಾಮದ ಹೊತ್ತಿನಲ್ಲಿ ಮೂರರವರೆಗಿನ ನೋವು ಪರವಾಗಿಲ್ಲ. ಮಾರನೆಯ ಬೆಳಿಗ್ಗೆ ಆ ಅಂಕಿ ಹಿಂದಿನ ಬೆಳಗಿನ ಮಟ್ಟಕ್ಕೇ ಇಳಿದಿದ್ದರೆ ಮುಂದುವರಿಯಬಹುದು. ಎರಡಿದ್ದದ್ದು ನಾಲ್ಕಾಗಿದ್ದರೆ ನಿನ್ನೆಯದು ಹೆಚ್ಚಾಯಿತು ಎಂದರ್ಥ. ಇಲ್ಲಿ ಮೋಸ ಮಾಡುವುದು ಉರಿಯೂತ ಇಳಿಸುವ ಮಾತ್ರೆ: ಅಂಕಿ ಇಳಿಯುತ್ತದೆ, ರಜ್ಜು ಹಾಗೇ ಇರುತ್ತದೆ. ಮಂಡಿಯಲ್ಲಿ ನೀರು ತುಂಬಿಕೊಂಡರಂತೂ ಮಾತೇ ಬೇಡ. ಸಿರಿಂಜಿನಿಂದ ನೀರು ತೆಗೆಸಿ ಅದೇ ವಾರ ಆಡುವವನ ತೊಡೆಯ ಮುಂಭಾಗದ ಸ್ನಾಯು ಅರ್ಧ ನಿದ್ದೆಯಲ್ಲಿರುತ್ತದೆ. ಕೀಲಿನಲ್ಲಿ ಬಾವಿದ್ದಾಗ ಅದು ಪೂರ್ತಿ ಬಲ ಕೊಡದಂತೆ ನರವೇ ತಡೆಯುತ್ತದೆ.

ಹೊರೆಯ ಲೆಕ್ಕವೂ ಸರಳ. ಅಭ್ಯಾಸ ಮುಗಿದು ಅರ್ಧ ಗಂಟೆಗೆ ‘ಎಷ್ಟು ಕಷ್ಟವಾಯಿತು’ ಎಂದು ಕೇಳಿ ಹತ್ತಕ್ಕೆ ಒಂದು ಅಂಕಿ ಪಡೆದು ನಿಮಿಷದಿಂದ ಗುಣಿಸಬೇಕು. 60 ನಿಮಿಷ, ಕಷ್ಟ 7 ಅಂದರೆ 420. ವಾರದ ಮೊತ್ತ 1,800 ಇದ್ದರೆ ಮುಂದಿನ ವಾರ 2,000ದ ಆಸುಪಾಸು. ಒಮ್ಮೆಗೇ 2,800ಕ್ಕೆ ಏರಿಸಬಾರದು. ಈ ಗುಣಾಕಾರವೇ ಗಾಯವನ್ನು ಮುಂಚಿತವಾಗಿ ಹೇಳಿಬಿಡುತ್ತದೆ ಎಂದು ನಂಬಿದವರೂ ಇದ್ದಾರೆ. ಅಷ್ಟು ನಂಬಿಕೆ ಬೇಡ. ಅದು ಥರ್ಮಾಮೀಟರ್ ಇದ್ದಂತೆ, ಜ್ವರ ಯಾವುದೆಂದು ಹೇಳದು.

ತೂಕದ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಒಂದು ಕಿಲೋ ಇಳಿದರೆ ಪ್ರತಿ ಇಳಿತದಲ್ಲೂ ಮಂಡಿಗೆ ಹಲವು ಕಿಲೋ ಉಳಿತಾಯ, ನಿಜ. ಆದರೆ ಹಸಿದು ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಅದೂ ಈ ವಯಸ್ಸಿನಲ್ಲಿ ಮೊದಲು ಕರಗುವುದು ಜಿಗಿತಕ್ಕೆ ಬೇಕಾದ ವೇಗದ ಎಳೆಗಳು. 100 ಕಿಲೋ ತೂಗುವ ಆಟಗಾರನಿಗೆ ದಿನಕ್ಕೆ 160ರಿಂದ 200 ಗ್ರಾಂ ಪ್ರೋಟೀನ್ ಬೇಕು, ಅದನ್ನು ಒಂದು ಹೊತ್ತಿಗೆ ಸುಮಾರು 40 ಗ್ರಾಂನಂತೆ ಹಂಚಬೇಕು. ವಯಸ್ಸಾದ ಸ್ನಾಯು ಸಣ್ಣ ತುತ್ತಿಗೆ ಓಗೊಡುವುದಿಲ್ಲ. ಮ್ಯಾಜಿಕ್ ಜಾನ್ಸನ್ 1996ರ ಜನವರಿ 30ರಂದು ತಮ್ಮ 36ನೇ ವಯಸ್ಸಿನಲ್ಲಿ ಲೇಕರ್ಸ್ ತಂಡಕ್ಕೆ ಮರಳಿದಾಗ ತೂಕ ಇಳಿಸುವ ದಾರಿ ಹಿಡಿಯಲಿಲ್ಲ. ಮೊದಲಿಗಿಂತ ಭಾರವಾದ ಮೈಯನ್ನೇ ಬಳಸಿ, ಚೆಂಡು ನಡೆಸಿ ಆಟ ಕಟ್ಟುವ ಪಾಯಿಂಟ್ ಗಾರ್ಡ್ ಜಾಗ ಬಿಟ್ಟು ರಿಂಗ್ ಬಳಿ ಆಡುವ ಪವರ್ ಫಾರ್ವರ್ಡ್ ಆಗಿ ಆಡಿದರು, ಹೆಚ್ಚಿನ ಪಂದ್ಯಗಳಲ್ಲಿ ಬೆಂಚಿನಿಂದ ಎದ್ದು ಬಂದು. ಮೊದಲ ದಿನ 19 ಅಂಕ, 10 ಅಸಿಸ್ಟ್ (ಜೊತೆಗಾರನ ಅಂಕಕ್ಕೆ ದಾರಿಯಾದ ಪಾಸ್), 8 ರಿಬೌಂಡ್ (ಎಸೆತ ತಪ್ಪಿ ಪುಟಿದ ಚೆಂಡು ಹಿಡಿದದ್ದು). ಒಟ್ಟು ಆಡಿದ್ದು 32 ಪಂದ್ಯ. ಅಂಕಕ್ಕಿಂತ ಈ ಜಾಗ ಬದಲಾವಣೆಯೇ ದೊಡ್ಡ ಸುದ್ದಿಯಾಗಬೇಕಿತ್ತು.

ಇನ್ನು ಬೆಂಚಿನ ವಿಷಯ. ‘ಕೇವಲ 20 ನಿಮಿಷ ಆಡಿಸಿದರು’ ಎಂದು ಮರುಗುವ ವರದಿಗಳಿಗೆ ಆ 20 ನಿಮಿಷವನ್ನು ಹೇಗೆ ಕತ್ತರಿಸಿದರು ಎಂಬ ಕುತೂಹಲ ಇರುವುದಿಲ್ಲ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಪಂದ್ಯದಲ್ಲಿ 12 ನಿಮಿಷದ ನಾಲ್ಕು ಕ್ವಾರ್ಟರ್. ಮೊದಲ ಕ್ವಾರ್ಟರ್‌ನ ಕೊನೆಯ 4 ನಿಮಿಷ, ಎರಡನೆಯದರ ಕೊನೆಯ 5, ಮೂರನೆಯದರ ಕೊನೆಯ 4 ಮತ್ತು ಅದಕ್ಕೆ ಅಂಟಿಕೊಂಡಂತೆ ನಾಲ್ಕನೆಯದರ ಮೊದಲ 3, ಪಂದ್ಯ ಬಿಗಿಯಾಗಿದ್ದರೆ ಕಟ್ಟಕಡೆಯ 4. ಒಟ್ಟು 20. ಕಾಗದದ ಮೇಲೆ ಸೊಗಸು. ಕಾಲಿಗೆ ಹಾಗಲ್ಲ. 48 ನಿಮಿಷದ ಗಡಿಯಾರ ಓಡಲು ಎರಡು ಗಂಟೆ ಮೀರಿ ಹಿಡಿಯುತ್ತದೆ. ಗಡಿಯಾರದಲ್ಲಿ 7 ನಿಮಿಷದ ಬಿಡುವು ಎಂದರೆ ಕುರ್ಚಿಯಲ್ಲಿ ಕಾಲು ಗಂಟೆ. ಅಷ್ಟರಲ್ಲಿ ಸ್ನಾಯು ತಣ್ಣಗಾಗುತ್ತದೆ. ಸ್ನಾಯುವಿನ ಶಾಖ ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ಸಿಡಿತದ ಬಲ ಶೇ 2ರಿಂದ 5ರಷ್ಟು ಇಳಿಯುತ್ತದೆ. ಇಪ್ಪತ್ತೆರಡರ ಹುಡುಗ ಎರಡು ಸಲ ಓಡಿಬಂದರೆ ಬಿಸಿಯಾಗುತ್ತಾನೆ. ಮೂವತ್ತೆಂಟರವನ ಬೆನ್ನು, ಹಿಂದೊಡೆ ಆ ಮೊದಲ ಎರಡು ಓಟಗಳಲ್ಲೇ ಹಿಡಿದುಕೊಳ್ಳುತ್ತವೆ. ಲ್ಯಾರಿ ಬರ್ಡ್ ತಮ್ಮ ಕೊನೆಯ ವರ್ಷಗಳಲ್ಲಿ ಕುರ್ಚಿ ಬಿಟ್ಟು ಅಂಗಳದ ಅಂಚಿನ ನೆಲದ ಮೇಲೆ ಬೋರಲು ಮಲಗುತ್ತಿದ್ದುದು ಶೋಕಿಗಲ್ಲ. ಕುಳಿತರೆ ಬೆನ್ನು ಬಿಗಿದುಕೊಳ್ಳುತ್ತಿತ್ತು. ಸ್ಟೀವ್ ನ್ಯಾಶ್ ಕೂಡ ಬೆನ್ನಿಗಾಗಿ ಹೀಗೇ ನೆಲದ ಮೇಲೆ ಮಲಗುತ್ತಿದ್ದರು. ಕರೆ ಬರುವ ಮೂರು ನಾಲ್ಕು ನಿಮಿಷ ಮೊದಲೇ ಅಂಗಳಕ್ಕೆ ಬರುವ ಸುರಂಗದಲ್ಲಿಟ್ಟ ವ್ಯಾಯಾಮದ ಸೈಕಲ್ ಮೇಲೆ ಕೂರಿಸಿ ಕಾಲಾಡಿಸಿ ಕಳಿಸುವ ತಂಡಗಳಿವೆ. ಹಾಗೆ ಮಾಡಲು ಕೋಚ್ ಬದಲಾವಣೆಯನ್ನು ಮೊದಲೇ ತೀರ್ಮಾನಿಸಿರಬೇಕು, ಸಿಟ್ಟು ಬಂದಾಗ ಬೆರಳು ತೋರಿಸಿ ‘ನೀನು ಹೋಗು’ ಅನ್ನುವವರಿಂದ ಆಗದು. 15 ನಿಮಿಷದ ವಿರಾಮದ ನಂತರದ ಮೊದಲ ಮೂರು ನಿಮಿಷವಂತೂ ಹಳಬನನ್ನು ಅಂಗಳದಲ್ಲಿ ಬಿಡದಿರುವುದೇ ಲೇಸು. ಮೇಲಿನ ಪಟ್ಟಿಯಲ್ಲಿ ಮೂರನೇ ಕ್ವಾರ್ಟರ್‌ನ ಆರಂಭ ಖಾಲಿ ಬಿಟ್ಟಿರುವುದು ಅದಕ್ಕೇ.

ಜೋರ್ಡಾನ್ 2002ರ ಅಕ್ಟೋಬರ್‌ನಲ್ಲಿ ಇಂಥ ಕಡಿಮೆ ನಿಮಿಷದ ಯೋಜನೆಯಿಂದಲೇ ಶುರು ಮಾಡಿ ಮೊದಲ 15 ಪಂದ್ಯ ಬೆಂಚಿನಿಂದ ಬಂದರು. ಆಮೇಲೆ ಯೋಜನೆ ಗಾಳಿಗೆ ಹೋಯಿತು. ಆರಂಭಿಕ ಐವರಲ್ಲಿ ಸೇರಿದರು, ಋತುವಿನ ಸರಾಸರಿ 37 ನಿಮಿಷ ಮುಟ್ಟಿತು, 82ಕ್ಕೆ 82 ಪಂದ್ಯವನ್ನೂ ಮುಗಿಸಿದರು. 2003ರ ಫೆಬ್ರುವರಿ 21ರಂದು ನೆಟ್ಸ್ ವಿರುದ್ಧ 43 ಅಂಕ. ನಲವತ್ತು ತುಂಬಿದವರೊಬ್ಬರು ಒಂದೇ ಪಂದ್ಯದಲ್ಲಿ 40 ದಾಟಿದ್ದು ಅದೇ ಮೊದಲು. ನಮ್ಮ ಮಾತಿಗೆ ಇದು ಎದುರು ಸಾಕ್ಷಿ ಎನ್ನುವವರಿಗೆ ಉತ್ತರವಿದೆ: ಅಷ್ಟರಲ್ಲಿ ಅವರ ಕಾಲುಗಳ ಬೆನ್ನಿಗೆ ಒಂದು ಪೂರ್ತಿ ವರ್ಷದ ಹೊರೆ ಇತ್ತು. ಮರಳಿದವರಿಗೆ ಮೊದಲ ವರ್ಷಕ್ಕಿಂತ ಎರಡನೆಯದು ಹಗುರ. ಎರಡೂ ವರ್ಷ ತಂಡದ ಲೆಕ್ಕ ಮಾತ್ರ 37 ಗೆಲುವು, 45 ಸೋಲು.

ಎಸೆತದ ಮಾತಿಗೆ ಬಂದರೆ, ದಣಿದ ಕಾಲು ಮೊದಲು ಸಿಕ್ಕಿಬೀಳುವುದು ಇಲ್ಲೇ. ಜಿಗಿದು ಎಸೆಯುವ ಜಂಪ್ ಶಾಟ್‌ನ ಬಲ ಹುಟ್ಟುವುದು ಕಾಲಿನಲ್ಲಿ. ಕೈ ಬರೀ ದಿಕ್ಕು ತೋರಿಸುತ್ತದೆ. ಕಾಲು ಸೋತಾಗ ಆಟಗಾರ ಅರಿವಿಲ್ಲದೆ ಚೆಂಡನ್ನು ಚಪ್ಪಟೆ ಕಮಾನಿನಲ್ಲಿ ತಳ್ಳುತ್ತಾನೆ. ರಿಂಗ್‌ನ ಅಡ್ಡಳತೆ 18 ಅಂಗುಲ, ಚೆಂಡಿನದು ಸುಮಾರು 9.4. ಚೆಂಡು 45 ಡಿಗ್ರಿ ಕೋನದಲ್ಲಿ ಇಳಿದರೆ ಅದರ ಕಣ್ಣಿಗೆ ರಿಂಗ್ 12.7 ಅಂಗುಲದ ಬಾಗಿಲು. 35 ಡಿಗ್ರಿಯಲ್ಲಿ ಇಳಿದರೆ 10.3 ಅಂಗುಲ. ಮೂರಂಗುಲಕ್ಕೂ ಮೀರಿ ಇದ್ದ ಸಡಿಲ ಒಂದಂಗುಲಕ್ಕೂ ಕಡಿಮೆಯಾಯಿತು. ಅಭ್ಯಾಸದಲ್ಲಿ ‘ಎಷ್ಟು ಬಿದ್ದವು’ ಎಂದು ಎಣಿಸುವುದರ ಜೊತೆಗೆ ತಪ್ಪಿದ್ದು ಎಲ್ಲಿ ತಗುಲಿತು ಎಂದು ಬರೆಯಬೇಕು: ಮುಂದೆ, ಹಿಂದೆ, ಎಡ, ಬಲ. ಎಡಬಲ ತಪ್ಪಿದ್ದು ಕೈಯ ದೋಷ, ತಿದ್ದಬಹುದು. ತಪ್ಪಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ರಿಂಗ್‌ನ ಮುಂಭಾಗಕ್ಕೆ ಬಡಿಯತೊಡಗಿದರೆ ಅಂದಿನ ಅಭ್ಯಾಸ ನಿಲ್ಲಿಸುವುದು ಜಾಣತನ. ಇನ್ನೂ ನೂರು ಎಸೆಸಿದರೆ ಕೆಟ್ಟ ಕಮಾನು ಕೈಗೆ ಅಭ್ಯಾಸವಾಗುತ್ತದೆ, ಅಷ್ಟೇ. ಟಿವಿಯಲ್ಲಿ ನೋಡುವವರಿಗೂ ಇದೊಂದು ಗುರುತು. ನಾಲ್ಕನೇ ಕ್ವಾರ್ಟರ್‌ನ ಫ್ರೀ ಥ್ರೋ (ಫೌಲ್‌ಗೆ ಸಿಗುವ, ಯಾರೂ ತಡೆಯದ ಎಸೆತ) ರಿಂಗ್‌ನ ಮುಂಭಾಗಕ್ಕೆ ಬಡಿದು ವಾಪಸಾದರೆ ಕಾಮೆಂಟರಿಯವರು ಒತ್ತಡ ಎನ್ನುತ್ತಾರೆ. ಒತ್ತಡ ಇರಬಹುದು, ಮೀನಖಂಡ ಎನ್ನುವುದೇ ಹೆಚ್ಚು ಸರಿ.

ವಯಸ್ಸಾದವನನ್ನು ಮೂಲೆಯಲ್ಲಿ ನಿಲ್ಲಿಸಿ ಮೂರಂಕದ ಎಸೆತಕ್ಕೆ ಬಳಸಿ ಎಂಬುದು ಈಗ ಎಲ್ಲರ ಬಾಯಲ್ಲಿರುವ ಪರಿಹಾರ. ಎನ್‌ಬಿಎ ಅಂಗಳದಲ್ಲಿ ಮೂರಂಕದ ಗೆರೆ ನಡುವೆ 23 ಅಡಿ 9 ಅಂಗುಲ, ಮೂಲೆಯಲ್ಲಿ 22 ಅಡಿ. 21 ಅಂಗುಲದ ರಿಯಾಯಿತಿ ಸಣ್ಣದಲ್ಲ. ಆದರೆ ಅವಸರದ ಕೋಚ್‌ಗಳು ಮರೆಯುವ ಒಂದು ವಿಷಯವಿದೆ: ಎಸೆತ ತಪ್ಪಿ ಎದುರಾಳಿ ಓಡತೊಡಗಿದಾಗ ಹಿಂದಕ್ಕೆ ಅತಿ ದೂರ ಓಡಬೇಕಾದವನು ಮೂಲೆಯಲ್ಲಿದ್ದವನೇ. ನಿಂತು ಉಳಿಸಿದ ಶಕ್ತಿಯನ್ನೆಲ್ಲ ಆ ಓಟ ನುಂಗಿಹಾಕುತ್ತದೆ. ಹಾಗಾಗಿ ಎರಡು ಸಲ ಮೂಲೆ, ಒಂದು ಸಲ ಮೇಲ್ಭಾಗದ 45 ಡಿಗ್ರಿಯ ಜಾಗ, ಹೀಗೆ ತಿರುಗಿಸುತ್ತಿರಬೇಕು. ಕಾರ್ಮೆಲೊ ಆಂಥನಿ ಈ ಬಗೆಯ ಪಾತ್ರಕ್ಕೆ ಒಗ್ಗಿಕೊಂಡ ರೀತಿ ನೋಡುವಂಥದ್ದು. 2018ರಲ್ಲಿ ಹ್ಯೂಸ್ಟನ್ ಪರ ಹತ್ತೇ ಪಂದ್ಯಕ್ಕೆ ಆಟ ನಿಂತಿತು. ಒಂದು ವರ್ಷ ಯಾವ ತಂಡದ ಪರವೂ ಆಡಲಿಲ್ಲ. 2019ರ ನವೆಂಬರ್‌ನಲ್ಲಿ ಪೋರ್ಟ್‌ಲ್ಯಾಂಡ್ ಕರೆಯಿತು. ಮೊದಲ ಋತುವಿನಲ್ಲಿ ಆರಂಭಿಕ ಐವರಲ್ಲೇ ಇದ್ದು ಸರಾಸರಿ 15.4 ಅಂಕ. ಮರುವರ್ಷ ಬೆಂಚಿಗೆ ಸರಿದರು, ಅಂಕ 13.4ಕ್ಕೆ ಇಳಿಯಿತು, ಮೂರಂಕದ ಎಸೆತ ಶೇ 40.9ಕ್ಕೆ ಏರಿತು. ಅಂಕ ಇಳಿದ ಆ ವರ್ಷವೇ ಅವರ ಮರಳುವಿಕೆಯ ಒಳ್ಳೆಯ ವರ್ಷ ಎಂದು ನಮ್ಮ ಅಭಿಪ್ರಾಯ.

ರಕ್ಷಣೆಯಲ್ಲಿ ಹಳಬನನ್ನು ಎದುರಾಳಿಗಳು ಬೇಟೆಯಾಡುತ್ತಾರೆ, ಬೇರೆ ಮಾತಿಲ್ಲ. ಅವನು ಯಾರನ್ನು ಕಾಯುತ್ತಿದ್ದಾನೋ ಆ ಆಟಗಾರನನ್ನೇ ಕರೆದು ಸ್ಕ್ರೀನ್, ಅಂದರೆ ಕಾಯುವವನ ದಾರಿಗೆ ಮೈಯನ್ನೇ ಅಡ್ಡ ನಿಲ್ಲಿಸುವ ತಡೆ, ಹಾಕಿಸುತ್ತಾರೆ. ಜೊತೆಗಾರರು ಆಳು ಬದಲಿಸಿಕೊಂಡರೆ ಇಪ್ಪತ್ತೆರಡರ ಗಾರ್ಡ್ ಎದುರು ಮೂವತ್ತೆಂಟರವನು ಒಂಟಿ. ಬದಲಿಸಿಕೊಳ್ಳದೆ ಎರಡು ಹೆಜ್ಜೆ ಮುಂದೆ ಬಂದು ಚೆಂಡನ್ನು ತಡೆದು ತನ್ನವನತ್ತ ವಾಪಸು ಓಡುವ ‘ಹೆಡ್ಜ್’ ಕೆಲಸ ಮಾಡುತ್ತದೆ, ಎಂಟು ಹತ್ತು ಸಲ. ಆಮೇಲೆ ವಾಪಸಿನ ಓಟ ತಡವಾಗುತ್ತದೆ, ಹಿಂದೆ ಬಾಗಿಲು ತೆರೆಯುತ್ತದೆ. ಸ್ಕ್ರೀನ್ ಬರುವ ಮೊದಲೇ ಚೆಂಡಿಲ್ಲದ ಕಡೆ ಆಳು ಬದಲಿಸಿಬಿಡುವುದು ಇದಕ್ಕಿಂತ ಅಗ್ಗ. ಅದಕ್ಕೆ ಕಾಲಿಗಿಂತ ಬಾಯಿ ಬೇಕು. ಕೂಗಿ ಹೇಳುವ ಹಳಬನ ಬೆಲೆ ಅಲ್ಲಿ ಗೊತ್ತಾಗುತ್ತದೆ. ನಿಯಮಗಳೂ ಹಳಬರ ವಿರುದ್ಧ ತಿರುಗಿವೆ. ಜೋರ್ಡಾನ್ ಮರಳಿದ 2001ರ ಋತುವಿನಿಂದಲೇ ಎನ್‌ಬಿಎ ವಲಯ ರಕ್ಷಣೆಗೆ, ಅಂದರೆ ಆಳಿನ ಬದಲು ಜಾಗ ಕಾಯುವುದಕ್ಕೆ, ಅವಕಾಶ ಕೊಟ್ಟಿತು. ಬೆನ್ನು ಕೊಟ್ಟು ಒಳನುಗ್ಗುವ ಅವರ ನೆಚ್ಚಿನ ಆಟಕ್ಕೆ ಎರಡನೆಯವನು ಮೊದಲೇ ಬಂದು ನಿಲ್ಲಬಹುದಾಯಿತು. 2004ರಲ್ಲಿ ಚೆಂಡಿರುವವನನ್ನು ಮುಂಗೈಯಿಂದ ತಡೆದು ನಿಧಾನಿಸುವುದನ್ನು ಬಿಗಿಯಾಗಿ ಶಿಕ್ಷಿಸಲಾರಂಭಿಸಿದರು. ಕಾಲು ನಿಧಾನವಾದವನ ಊರುಗೋಲೇ ಆ ಮುಂಗೈ ಆಗಿತ್ತು.

ಗಾಯದಿಂದ ಮರಳುವವರಲ್ಲಿ ಅಕಿಲಿಸ್ ಹರಿದವರದು ಬೇರೆಯೇ ಕಥೆ. ಡೊಮಿನಿಕ್ ವಿಲ್ಕಿನ್ಸ್‌ಗೆ 1992ರ ಜನವರಿ 28ರಂದು ಹರಿಯಿತು. ಮರು ಋತುವಿನಲ್ಲಿ ಸರಾಸರಿ 29.9 ಅಂಕ ಗಳಿಸಿದರು. ಈ ಅಪವಾದವೇ ಬಹಳ ಜನರಿಗೆ ದಾರಿ ತಪ್ಪಿಸಿದೆ. ಕೋಬಿ ಬ್ರ್ಯಾಂಟ್‌ಗೆ 2013ರ ಏಪ್ರಿಲ್ 12ರಂದು ಹರಿದಾಗ ವಯಸ್ಸು 34. ಡಿಸೆಂಬರ್ 8ಕ್ಕೇ, ಎಂಟು ತಿಂಗಳೂ ಆಗುವ ಮೊದಲೇ, ಮರಳಿದರು. ಆರು ಪಂದ್ಯ ಆಡುವಷ್ಟರಲ್ಲಿ ಅದೇ ಎಡಗಾಲಿನ ಮಂಡಿಯ ಬಳಿ ಮೂಳೆ ಬಿರುಕು ಬಿಟ್ಟಿತು. ಅವಸರವೇ ಕಾರಣವೆಂದು ಸಾಧಿಸಲಾಗದು, ಆದರೆ ಒಂದು ಕಾಲಿನ ಮೀನಖಂಡ ತನ್ನ ಪಾಲು ಹೊರದಿದ್ದರೆ ಆ ಪಾಲು ಮೇಲಿನ ಮೂಳೆಗೆ ಹೋಗುತ್ತದೆ ಎಂಬುದು ಸರಳ ಲೆಕ್ಕ. ಕೆವಿನ್ ಡ್ಯುರಾಂಟ್‌ಗೆ 2019ರ ಜೂನ್ 10ರಂದು ಹರಿಯಿತು, ಮರಳಿದ್ದು 2020ರ ಡಿಸೆಂಬರ್ 22ರಂದು. ಹದಿನೆಂಟು ತಿಂಗಳು. ಆ ಋತುವಿನ ಸರಾಸರಿ 26.9.

ಇಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ ಪರೀಕ್ಷೆಯದ್ದೇ. ಒಂಟಿಕಾಲಿನಲ್ಲಿ ನಿಂತು 25 ಸಲ ಹಿಮ್ಮಡಿ ಎತ್ತಿದರೆ ಪಾಸು ಎನ್ನುತ್ತಾರೆ. ಹರಿದು ಕೂಡಿದ ರಜ್ಜು ಮೊದಲಿಗಿಂತ ಒಂದಿಷ್ಟು ಉದ್ದವಾಗಿರುತ್ತದೆ. ಸಡಿಲವಾದ ಹಗ್ಗ ಎಳೆದಂತೆ, ಎಣಿಕೆ 25 ಮುಟ್ಟಿದರೂ ಹಿಮ್ಮಡಿ ಪೂರ್ತಿ ಮೇಲೇರುವುದಿಲ್ಲ. ಗೋಡೆಗೆ ಅಳತೆಪಟ್ಟಿ ಅಂಟಿಸಿ ಪ್ರತಿ ಸಲ ಹಿಮ್ಮಡಿ ಎಷ್ಟು ಸೆಂಟಿಮೀಟರ್ ಏರಿತು ಎಂದು ಬರೆಯಬೇಕು. ಒಳ್ಳೆಯ ಕಾಲು 12 ಸೆಂ.ಮೀ. ಏರಿ ಗಾಯದ ಕಾಲು 9ರಲ್ಲೇ ನಿಂತರೆ ಅದು ಮುಕ್ಕಾಲು ಕಾಲು. ಎರಡರ ವ್ಯತ್ಯಾಸ ಶೇ 10ರೊಳಗೆ ಬರುವವರೆಗೆ ಪೂರ್ಣ ಪಂದ್ಯದ ಮಾತು ಎತ್ತಬಾರದು.

ಕಾಯುವುದರ ಫಲಕ್ಕೆ ಗ್ರ್ಯಾಂಟ್ ಹಿಲ್‌ಗಿಂತ ದೊಡ್ಡ ಉದಾಹರಣೆ ಸಿಗದು. ನೋವಿದ್ದ ಕಣಕಾಲಿನಲ್ಲೇ 2000ದ ಪ್ಲೇಆಫ್ ಆಡಿ ಮುರಿದುಕೊಂಡರು. ಆಮೇಲೆ ಒರ್ಲ್ಯಾಂಡೊ ಪರ ನಾಲ್ಕು ಋತುಗಳಲ್ಲಿ ಆಡಿದ್ದು 47 ಪಂದ್ಯ. 2003ರಲ್ಲಿ ವೈದ್ಯರು ಕಣಕಾಲನ್ನು ಮತ್ತೆ ಮುರಿದು ಕಾಲಿನ ಮೂಳೆಯ ನೇರಕ್ಕೆ ಕೂಡಿಸಿದರು, ಅದರ ಬೆನ್ನಿಗೇ ಸೋಂಕು ಪ್ರಾಣಕ್ಕೇ ಬಂದಿತ್ತು. ಅದೇ ವ್ಯಕ್ತಿ 2008-09ರಲ್ಲಿ, 36ರ ವಯಸ್ಸಿನಲ್ಲಿ, ಫೀನಿಕ್ಸ್ ಪರ 82 ಪಂದ್ಯವನ್ನೂ ಆಡಿದರು. ಅಷ್ಟರಲ್ಲಿ ಅವರು ತಂಡದ ಮುಖ್ಯ ಅಂಕಗಾರನಾಗಿ ಉಳಿದಿರಲಿಲ್ಲ. ಪೌ ಗಸೋಲ್ ಹಿಡಿದದ್ದು ಮತ್ತೊಂದು ದಾರಿ. ಎಡಪಾದದ ನ್ಯಾವಿಕ್ಯುಲರ್ ಮೂಳೆಯ ಬಿರುಕು ಕೆಟ್ಟ ಜಾತಿಯದು. ಮೂಳೆಯ ನಡುಭಾಗಕ್ಕೆ ರಕ್ತ ಸರಿಯಾಗಿ ತಲುಪುವುದಿಲ್ಲ. 2019ರ ಮಾರ್ಚ್‌ನಿಂದ ಎರಡು ವರ್ಷ ಆಟವಿಲ್ಲ. ಅವರು ಮರಳಿದ್ದು ಬಾರ್ಸಿಲೋನಾ ತಂಡಕ್ಕೆ, 48ರ ಬದಲು 40 ನಿಮಿಷದ ಆಟಕ್ಕೆ. ಆ ವರ್ಷ ಸ್ಪೇನ್ ಲೀಗ್ ಗೆದ್ದು, 41 ತುಂಬಿದ ಮೇಲೆ ಟೋಕಿಯೊ ಒಲಿಂಪಿಕ್ಸ್ ಆಡಿ ನಿವೃತ್ತರಾದರು.

ವರದಿಗಳಲ್ಲಿ ಎಂದೂ ಕಾಣದ ಇನ್ನೊಂದು ಸಂಗತಿ ಕ್ಯಾಲೆಂಡರ್. ಖಾತರಿಯಿಲ್ಲದ ಎನ್‌ಬಿಎ ಒಪ್ಪಂದಗಳು ಜನವರಿ 10ಕ್ಕೆ ಪೂರ್ತಿ ಖಾತರಿಯಾಗುತ್ತವೆ. ಅದಕ್ಕೆ ಮೊದಲ ವಾರದಲ್ಲಿ ಹಳಬನೊಬ್ಬ ಇದ್ದಕ್ಕಿದ್ದಂತೆ 30 ನಿಮಿಷ ಆಡಿದರೆ ಅದು ಛಲವೋ, ಕೆಲಸ ಉಳಿಸಿಕೊಳ್ಳುವ ಪರೀಕ್ಷೆಯೋ ಎಂದು ಕೇಳಬೇಕು. ಹತ್ತು ದಿನದ ಒಪ್ಪಂದಗಳೂ ಜನವರಿ ಮೊದಲ ವಾರದಿಂದಲೇ ಶುರು. ಆ ಹತ್ತು ದಿನ ನೋವಿದ್ದರೂ ಯಾರೂ ಬಾಯಿ ಬಿಡುವುದಿಲ್ಲ. ಹಾಗೆಯೇ, ತಾರೆಯರನ್ನು ಸುಮ್ಮನೆ ಕೂರಿಸಬಾರದೆಂದು 2023ರಲ್ಲಿ ಬಂದ ನಿಯಮದಲ್ಲೇ 35 ತುಂಬಿದವರಿಗೆ ವಿನಾಯಿತಿಯಿದೆ: ಸತತ ಎರಡು ರಾತ್ರಿ ಪಂದ್ಯವಿದ್ದರೆ ಮುಂಚಿತವಾಗಿ ಅನುಮತಿ ಪಡೆದು ಒಂದನ್ನು ಬಿಡಬಹುದು. ಆ ರಾತ್ರಿ ಬೆಂಚಿನಲ್ಲಿ ಕೋಟು ತೊಟ್ಟು ಕುಳಿತವನ ಬಗ್ಗೆ ‘ಮತ್ತೆ ಗಾಯವೇ?’ ಎಂದು ಶೀರ್ಷಿಕೆ ಕೊಡುವುದು ಓದುಗರಿಗೆ ಮಾಡುವ ಅನ್ಯಾಯ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ 42ರ ಡಯಾನಾ ಟೌರಾಸಿ ಆರಂಭಿಕ ಐವರಿಂದ ಬೆಂಚಿಗೆ ಸರಿದು, ಫೈನಲ್‌ನಲ್ಲಿ ಅಂಗಳಕ್ಕಿಳಿಯದೆಯೇ ಆರನೇ ಚಿನ್ನ ಪಡೆದರು. ಅದನ್ನು ಅವಮಾನವೆಂದು ಓದಿದವರೂ ಇದ್ದಾರೆ.

ಕೇಳುವುದು ದೊಡ್ಡದೇನಲ್ಲ. ಅಂಕಪಟ್ಟಿ ಅಚ್ಚು ಹಾಕುವಾಗ ಹೆಸರಿನ ಪಕ್ಕ, ಅಂಕಕ್ಕೂ ಮೊದಲು, ಆಡಿದ ನಿಮಿಷ ಹಾಕಿ. ಬೆಂಚಿನಿಂದ ಬಂದಿದ್ದರೆ ಒಂದು ನಕ್ಷತ್ರದ ಗುರುತು ಸಾಕು. ಹಿಂದಿನ ರಾತ್ರಿಯೂ ಪಂದ್ಯವಿತ್ತೇ ಎಂಬುದಕ್ಕೆ ಒಂದಕ್ಷರ. 2002ರ ಏಪ್ರಿಲ್ 2ರಂದು ಲೇಕರ್ಸ್ ವಿರುದ್ಧ ಜೋರ್ಡಾನ್ ಹೆಸರಿನ ಮುಂದೆ 2 ಎಂಬ ಅಂಕಿಯನ್ನು ಮಾತ್ರ ಓದಿದವರಿಗೆ ಅದು ವೃತ್ತಿಜೀವನದ ಅತಿ ಕಡಿಮೆ ಅಂಕ, ಒಂದು ನಾಚಿಕೆ. ಪಕ್ಕದಲ್ಲೇ ‘12 ನಿಮಿಷ’ ಎಂದಿದ್ದರೆ, ಮಂಡಿ ಕೈಕೊಟ್ಟಿದೆ ಎಂಬುದು ಅಂದೇ ಗೊತ್ತಾಗುತ್ತಿತ್ತು.

ಇಂತಿ,
ಬ್ಯಾಸ್ಕೆಟ್‌ಬಾಲ್ ಕೋಚ್ ಒಬ್ಬರು ಮತ್ತು ಕ್ರೀಡಾ ಫಿಸಿಯೊಥೆರಪಿಸ್ಟ್ ಒಬ್ಬರು